ಪ್ರಶ್ನಾವಳಿಗೆ ಸಿಗದ ವರಗಳು: ಒಂದು ಸಭೆಯ ಪ್ರಕರಣ ಅಧ್ಯಯನ

ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ಸೇವೆಗೆ ಜನ ಮುಂದೆ ಬರುತ್ತಿಲ್ಲ ಎಂಬ ದೂರನ್ನು ನಾನು ಹೋದಲ್ಲೆಲ್ಲ ಕೇಳುತ್ತೇನೆ. ಸಭಿಕರಿಗೆ ತರಬೇತಿ ಕೊಡುವ ಕೆಲಸದಲ್ಲಿ ಬಹಳ ವರ್ಷಗಳಿಂದ ಇರುವುದರಿಂದ ಆ ದೂರಿನ ಬೆನ್ನಿಗೇ ಬರುವ ತೀರ್ಪೂ ನನಗೆ ಬಾಯಿಪಾಠವಾಗಿದೆ: ಮೊದಲಿನ ಭಕ್ತಿ ಈಗ ಉಳಿದಿಲ್ಲ. ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ತಿಳಿಸಲು ಒಂದೇ ಒಂದು ಸಭೆಯಲ್ಲಿ ನಡೆದದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ. ಊರು, ಸಭೆ, ವ್ಯಕ್ತಿಗಳ ಹೆಸರುಗಳನ್ನು ಬಿಟ್ಟಿದ್ದೇನೆ. ಗುರುತು ಹತ್ತಬಹುದಾದ ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಅಲ್ಲಿ ತೆಗೆದುಕೊಂಡ ತೀರ್ಮಾನಗಳನ್ನೂ ಅವುಗಳಿಂದ ಆದ ಪರಿಣಾಮವನ್ನೂ ಇದ್ದಂತೆಯೇ ಕೊಟ್ಟಿದ್ದೇನೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ನಡುಗಾತ್ರದ ಊರು, ಬಾಸೆಲ್ ಮಿಷನ್ ಪರಂಪರೆಯ ಹಳೆಯ ಸಭೆ. ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟಂಟ್ ಸಂಸ್ಥೆ. 1834ರಲ್ಲಿ ಮಂಗಳೂರಿಗೆ ಬಂದ ಅದರ ಮಿಷನರಿಗಳು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರಗಳನ್ನು ತೆರೆದರು. ಅಲ್ಲಿಂದ ಸುತ್ತಲಿನ ಊರುಗಳಿಗೆ ಹಬ್ಬಿದ ಸಭೆಗಳಲ್ಲಿ ಇದೂ ಒಂದು. ಆ ಕಾಲದಲ್ಲಿ ಹೊಸದಾಗಿ ವಿಶ್ವಾಸಕ್ಕೆ ಬಂದವರು ಮನೆಯನ್ನೂ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಪಾಡಿಗಾಗಿ ಮಿಷನ್ 1851ರಲ್ಲಿ ಮಂಗಳೂರಿನಲ್ಲಿ ನೇಯ್ಗೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿತು. ಅದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರು ಮಗ್ಗದಲ್ಲಿ ಕೂರಬೇಕು, ಯಾರು ಶಾಲೆಯಲ್ಲಿ ಕಲಿಸಬೇಕು, ಯಾರು ಹಳ್ಳಿಗೆ ಸುವಾರ್ತೆ ಸಾರುವವರಾಗಿ ಹೋಗಬೇಕು ಎಂಬುದೆಲ್ಲ ಮಿಷನ್ ಬಂಗಲೆಯಲ್ಲಿ ನಿರ್ಧಾರವಾಗುತ್ತಿತ್ತು. ಆ ರೂಢಿ ಬಂಗಲೆಗಳಿಗಿಂತ ಹೆಚ್ಚು ಕಾಲ ಬಾಳಿತು. ಇವತ್ತಿಗೂ ಇಂತಹ ಸಭೆಗಳ ಹಿರಿಯರು 'ಅಯ್ಯನವರು (ಸಭಾಪಾಲಕರು, ಅಂದರೆ ಪಾದ್ರಿ) ಹೇಳಿದರೆ ಮಾಡುತ್ತೇವೆ' ಎನ್ನುತ್ತಾರೆ. ಅದು ವಿಧೇಯತೆಯ ಮಾತು, ಒಳ್ಳೆಯ ಮಾತು. ತೊಡಕು ಬರುವುದು ಅಯ್ಯನವರಿಗೇ ಯಾರ ಪರಿಚಯವೂ ಇಲ್ಲದಾಗ. ಸಭಾಪಾಲಕರು ಕೆಲವು ವರ್ಷಗಳಿಗೊಮ್ಮೆ ವರ್ಗವಾಗುತ್ತಾರೆ. ಜನರ ಮುಖ, ಮನೆ, ಮನಸ್ಸು ಗೊತ್ತಾಗುವ ಹೊತ್ತಿಗೆ ಸಾಮಾನು ಕಟ್ಟುವ ಸಮಯ ಬಂದಿರುತ್ತದೆ.

ಈ ಸಭೆಯಲ್ಲಿ ಎರಡು ಬಗೆಯ ಕುಟುಂಬಗಳಿದ್ದವು. ಮಿಷನ್ ಕಾಲದಿಂದ ಇರುವ ಹಳೆಯ ಕುಟುಂಬಗಳು ಒಂದು. ಕಳೆದ ಹದಿನೈದು, ಇಪ್ಪತ್ತು ವರ್ಷಗಳಲ್ಲಿ ಹಳ್ಳಿಗಳಿಂದ, ಬೇರೆ ಜಿಲ್ಲೆಗಳಿಂದ ಕೆಲಸಕ್ಕೆಂದು ಬಂದು ಸೇರಿದ ಹೊಸ ಕುಟುಂಬಗಳು ಇನ್ನೊಂದು. ಆರಾಧನೆಯಲ್ಲಿ ಮುಂದಿನ ಬೆಂಚುಗಳು ಹಳಬರವು, ಹಿಂದಿನವು ಹೊಸಬರವು. ಹೀಗೆ ಕೂರಬೇಕೆಂದು ಯಾರೂ ಹೇಳಿರಲಿಲ್ಲ. ಸಂಡೇ ಸ್ಕೂಲು, ಗಾಯನ ವೃಂದ, ಸ್ತ್ರೀಯರ ಕೂಟ, ಸುಗ್ಗಿ ಹಬ್ಬದ ಏರ್ಪಾಡು, ಕಟ್ಟಡದ ನಿಧಿ, ಸ್ಮಶಾನದ ಉಸ್ತುವಾರಿ ಎಲ್ಲವೂ ಹತ್ತು, ಹನ್ನೆರಡು ಜನರ ಕೈಯಲ್ಲಿದ್ದವು. ಅವರಲ್ಲಿ ಬಹುತೇಕರು ಅರವತ್ತು ದಾಟಿದವರು.

ಸಮಸ್ಯೆ

ಸಂಡೇ ಸ್ಕೂಲನ್ನು ದಶಕಗಳ ಕಾಲ ನಡೆಸಿದ ನಿವೃತ್ತ ಶಿಕ್ಷಕಿಯೊಬ್ಬರು ಮಂಡಿ ನೋವಿನಿಂದ ಹಾಸಿಗೆ ಹಿಡಿದಾಗ ಸಂಕಟ ಬಯಲಾಯಿತು. ಬದಲಿ ಜನ ಬೇಕೆಂದು ಪ್ರಸಂಗಪೀಠದಿಂದ ಸತತ ಭಾನುವಾರಗಳಲ್ಲಿ ಪ್ರಕಟಣೆ ಹೊರಟಿತು. ಒಬ್ಬರೂ ಎದ್ದು ನಿಲ್ಲಲಿಲ್ಲ. ಕೆಲವು ವಾರ ಮಕ್ಕಳು ದೇವಾಲಯದ ಅಂಗಳದಲ್ಲಿ ಆಡಿಕೊಂಡು ಮನೆಗೆ ಹೋದರು. ಕಮಿಟಿಯ ಸಭೆಯಲ್ಲಿ ಅದೇ ಹಳೆಯ ತೀರ್ಪು ಬಂತು, ಭಕ್ತಿ ಕಡಿಮೆಯಾಗಿದೆ ಎಂದು.

ಆಗಷ್ಟೇ ವರ್ಗವಾಗಿ ಬಂದಿದ್ದ ಸಭಾಪಾಲಕರಿಗೆ ಅದು ಸರಿ ಎನಿಸಲಿಲ್ಲ. ಅವರು ನನ್ನ ಮುಂದೆ ಇಟ್ಟ ಪ್ರಶ್ನೆ ಇದು: 'ಪ್ರಕಟಣೆ ಎಲ್ಲರಿಗೂ ಹೋಯಿತು, ಸರಿ. ಆದರೆ ಈ ಜನರಲ್ಲಿ ಯಾರನ್ನಾದರೂ ಹೆಸರು ಹಿಡಿದು ಕೇಳಿದ್ದೇವೆಯೇ?' ಕೇಳಿರಲಿಲ್ಲ. ಕೇಳಬೇಕೆಂದರೆ ಯಾರಲ್ಲಿ ಏನಿದೆ ಎಂಬುದು ಗೊತ್ತಿರಬೇಕು. ಅದು ಕಮಿಟಿಗೂ ಗೊತ್ತಿರಲಿಲ್ಲ.

ಮೊದಲ ಪ್ರಯತ್ನ

ನಾನು ಅಲ್ಲಿಗೆ ಹೋಗುವ ಮೊದಲೇ ಸಭೆ ಒಂದು ದಾರಿ ಹಿಡಿದಿತ್ತು. 1970ರ ದಶಕದಿಂದ ಅಮೆರಿಕದ ಸಭೆಗಳಲ್ಲಿ ಬಳಕೆಗೆ ಬಂದ, ಆತ್ಮಿಕ ವರಗಳನ್ನು (ಸೇವೆಗಾಗಿ ಪವಿತ್ರಾತ್ಮನು ಒಬ್ಬೊಬ್ಬ ವಿಶ್ವಾಸಿಗೆ ಕೊಡುವ ಸಾಮರ್ಥ್ಯಗಳನ್ನು) ಗುರುತಿಸುವ ಪ್ರಶ್ನಾವಳಿಗಳಲ್ಲಿ ಒಂದನ್ನು ಯುವಕರು ಕನ್ನಡಕ್ಕೆ ತಂದು, ಅಚ್ಚು ಹಾಕಿಸಿ, ಆರಾಧನೆಯ ನಂತರ ಹಂಚಿದ್ದರು. ಇಂತಹ ಪ್ರಶ್ನಾವಳಿಗಳು ಕೆಲಸ ಮಾಡುವ ಬಗೆ ಸರಳ. ನೂರಕ್ಕೂ ಹೆಚ್ಚು ಹೇಳಿಕೆಗಳಿರುತ್ತವೆ. ಪ್ರತಿಯೊಂದೂ ನಮಗೆ ಎಷ್ಟು ಒಪ್ಪುತ್ತದೆ ಎಂದು ಅಂಕ ಹಾಕಬೇಕು. ಅಂಕಗಳನ್ನು ಕಾಲಂ ಪ್ರಕಾರ ಕೂಡಿಸಿದಾಗ ಬೋಧನೆ, ಕರುಣೆ, ದಾನ, ಆಡಳಿತ ಹೀಗೆ ಒಂದೊಂದು ವರದ ಮುಂದೆ ಒಂದೊಂದು ಮೊತ್ತ ಬರುತ್ತದೆ. ವರಗಳ ಹೆಸರುಗಳನ್ನು ಹೆಚ್ಚಾಗಿ ಬೈಬಲಿನಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯ, ಎಫೆಸದವರಿಗೆ ಬರೆದ ಪತ್ರಿಕೆಯ 4ನೆಯ ಅಧ್ಯಾಯಗಳಿಂದ ಆರಿಸಿರುತ್ತಾರೆ.

ತುಂಬಿ ಬಂದ ಹಾಳೆಗಳನ್ನು ನಾನು ಒಂದೊಂದಾಗಿ ನೋಡಿದೆ. ಅವುಗಳಲ್ಲಿ ಕಂಡದ್ದು ಜನರ ವರಗಳಿಗಿಂತ ಹೆಚ್ಚಾಗಿ ಜನರ ಸಂಕೋಚ. 'ನಾನು ಇತರರನ್ನು ಮುನ್ನಡೆಸಬಲ್ಲೆ' ಎಂಬ ಹೇಳಿಕೆಗೆ ಹೆಂಗಸರಲ್ಲಿ ಹೆಚ್ಚಿನವರು ಸೊನ್ನೆ ಹಾಕಿದ್ದರು. ಅವರಲ್ಲಿ ಸ್ವಸಹಾಯ ಸಂಘವನ್ನು ನಡೆಸುತ್ತಿದ್ದವರೂ ಇದ್ದರು. ನಮ್ಮ ಮನೆಗಳಲ್ಲಿ ಸಾವಿರ ಸಲ ಹೇಳಿಕೊಟ್ಟ ಪಾಠ, ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂಬುದು. ಅದನ್ನು ಒಂದು ಹಾಳೆಗಾಗಿ ಯಾರು ಮುರಿಯುತ್ತಾರೆ? ಪ್ರಾರ್ಥನೆ ಮತ್ತು ವಿಶ್ವಾಸದ ಕಾಲಂಗಳಲ್ಲಿ ಎಲ್ಲರ ಅಂಕವೂ ಹೆಚ್ಚಿತ್ತು. ಅಲ್ಲಿ ಕಡಿಮೆ ಹಾಕುವುದೆಂದರೆ ವಿಶ್ವಾಸಿಯೇ ಅಲ್ಲ ಎಂದು ಒಪ್ಪಿಕೊಂಡಂತೆ ಎಂದು ಜನ ಭಾವಿಸಿದ್ದರು. ಓದಲು ಬಾರದವರ ಹಾಳೆಗಳನ್ನು ಮೊಮ್ಮಕ್ಕಳು ತುಂಬಿಕೊಟ್ಟಿದ್ದರು.

ಆದರೂ ಅಂಕಗಳ ಆಧಾರದ ಮೇಲೆ ಕೆಲಸ ಹಂಚಲಾಯಿತು. ಬೋಧನೆಯ ಕಾಲಂನಲ್ಲಿ ಅತಿ ಹೆಚ್ಚು ಅಂಕ ಬಂದದ್ದು ಬ್ಯಾಂಕಿನಿಂದ ಆಗಷ್ಟೇ ನಿವೃತ್ತರಾದ ಒಬ್ಬರಿಗೆ. ಸಂಡೇ ಸ್ಕೂಲನ್ನು ಅವರಿಗೆ ಒಪ್ಪಿಸಿದರು. ಅವರು ಓದಿಕೊಂಡವರು, ಶಿಸ್ತಿನವರು. ಪ್ರತಿ ಪಾಠಕ್ಕೂ ಟಿಪ್ಪಣಿ ಬರೆದುಕೊಂಡು ಬರುತ್ತಿದ್ದರು. ಏಳೆಂಟು ವರ್ಷದ ಮಕ್ಕಳು ಟಿಪ್ಪಣಿಗೆ ಕಾಯುವುದಿಲ್ಲ. ಕೆಲವೇ ವಾರಗಳಲ್ಲಿ ತರಗತಿ ಸದ್ದುಗದ್ದಲದಲ್ಲಿ ಮುಳುಗಿತು. ಅವರು ಸಂಡೇ ಸ್ಕೂಲಿಗೆ ಬರುವುದನ್ನು ನಿಲ್ಲಿಸಿದರು. ಆಮೇಲೆ ಆರಾಧನೆಗೆ ಬರುವುದನ್ನೂ ನಿಲ್ಲಿಸಿದರು.

ಮೊದಲ ತಿರುವು

ಸಭಾಪಾಲಕರು ಮತ್ತು ನಾನು ಒಂದು ಸಂಜೆ ಅವರ ಮನೆಗೆ ಹೋದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಹೇಳಿದರು: 'ಅದು ದೇವರು ಕೊಟ್ಟ ವರ ಎಂದು ಹಾಳೆಯಲ್ಲಿ ಬಂತು. ಮಕ್ಕಳ ಮುಂದೆ ನಿಂತರೆ ನನಗೆ ಮಾತೇ ಹೊರಡಲಿಲ್ಲ. ದೇವರು ಕೊಟ್ಟದ್ದು ಹೀಗೆ ಕೈಕೊಡುತ್ತದೆಯೇ?'

ಈ ಮಾತು ನನ್ನನ್ನು ಕಲಕಿತು. ಒಂದು ಕೆಲಸ ಕೈಗೆ ಹತ್ತದಿದ್ದರೆ ಯಾರಿಗಾದರೂ ಬೇಸರವಾಗುತ್ತದೆ, ಅಷ್ಟೇ. ಆದರೆ ಆ ಕೆಲಸಕ್ಕೆ ಪವಿತ್ರಾತ್ಮನ ಮುದ್ರೆ ಒತ್ತಿಕೊಟ್ಟ ಮೇಲೆ ಅದು ಕೈಗೆ ಹತ್ತದಿದ್ದರೆ, ಮನುಷ್ಯ ತನ್ನ ವಿಶ್ವಾಸವನ್ನೇ ಸಂಶಯಿಸತೊಡಗುತ್ತಾನೆ. ವರಗಳ ಹೆಸರಿನಲ್ಲಿ ಕೆಲಸ ಹಂಚುವವರು ಈ ಅಪಾಯವನ್ನು ಮೊದಲು ತಿಳಿದಿರಬೇಕು.

ನಾವು ಮಾತನಾಡುತ್ತಿರುವಾಗಲೇ ನೆರೆಮನೆಯ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನು ಹಿಡಿದು ಬಂದರು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳುಗಳಿಂದ ಬಂದಿರಲಿಲ್ಲ. ಆ ನಿವೃತ್ತ ಬ್ಯಾಂಕಿನವರು ಕಾಗದಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಒಂದೊಂದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಪಾಸ್ ಪುಸ್ತಕದಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ದೀಕ್ಷಾಸ್ನಾನದ ಪ್ರಮಾಣಪತ್ರದಲ್ಲಿ ಮತ್ತೊಂದು. ನಮ್ಮ ಜನರಲ್ಲಿ ಇದು ಬಹಳ ಸಾಮಾನ್ಯ: ಮನೆಯ ಹೆಸರು ಬೇರೆ, ಸಭೆಯ ಹೆಸರು ಬೇರೆ. ಅಜ್ಜಿಗೆ ಅವರು ಅವಸರಪಡದೆ, ದನಿ ಏರಿಸದೆ, ಯಾವ ಕಚೇರಿಯ ಯಾವ ಕಿಟಕಿಗೆ ಹೋಗಬೇಕು, ಯಾವ ಕಾಗದವನ್ನು ಕೊಡಬೇಕು, ಯಾವುದನ್ನು ಕೈಬಿಡಬಾರದು ಎಂದು ಹೇಳಿದರು. ಅಜ್ಜಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದರು. ಕೊನೆಗೆ 'ನಾಳೆ ನಾನೇ ಜೊತೆಗೆ ಬರುತ್ತೇನೆ' ಎಂದರು. ಅಜ್ಜಿ ಹೋದ ಮೇಲೆ, ಇಂತಹವರು ವಾರಕ್ಕೆ ನಾಲ್ಕೈದು ಜನ ಬರುತ್ತಾರೆ ಎಂದು ಅವರ ಹೆಂಡತಿ ನಮಗೆ ತಿಳಿಸಿದರು.

ಕೊರಿಂಥದವರಿಗೆ ಬರೆದ ಆ ಅಧ್ಯಾಯದ 28ನೆಯ ವಚನದಲ್ಲಿ ಪೌಲನು ಅಪೊಸ್ತಲರು, ಪ್ರವಾದಿಗಳು, ಬೋಧಕರ ಜೊತೆಗೇ ಇತರರಿಗೆ ನೆರವಾಗುವವರನ್ನೂ ಕಾರ್ಯ ನಿರ್ವಹಿಸುವವರನ್ನೂ ಸೇರಿಸಿ ಹೇಳುತ್ತಾನೆ. ಸಭೆಯಲ್ಲಿ ಈ ಇಬ್ಬರ ಮೇಲೆ ಪ್ರಸಂಗ ಕೇಳಿದ್ದು ನನಗೆ ನೆನಪಿಲ್ಲ. ಈ ಮನುಷ್ಯನಲ್ಲಿ ಆ ಎರಡೂ ಇದ್ದವು. ಸಭೆಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಅಜ್ಜಿಗೆ.

ಹಿಂತಿರುಗುವ ದಾರಿಯಲ್ಲಿ ಸಭಾಪಾಲಕರು ಹೇಳಿದರು, 'ಹಾಗಾದರೆ ನಾವು ಕೇಳಬೇಕಾದದ್ದು ಅಜ್ಜಿಯನ್ನು.' ಮುಂದಿನದೆಲ್ಲ ಈ ಮಾತಿನಿಂದ ಬೆಳೆಯಿತು.

ಎರಡನೆಯ ಪ್ರಯತ್ನ

ಸಭೆಯಲ್ಲಿ ವಾರದ ಮನೆ ಪ್ರಾರ್ಥನೆಗಳು ಮೊದಲಿನಿಂದಲೂ ನಡೆಯುತ್ತಿದ್ದವು. ಒಂದೊಂದು ಓಣಿಗೆ ಒಂದೊಂದು ಗುಂಪು. ಆ ಕೂಟಗಳಲ್ಲಿ ಪ್ರಸಂಗದ ಹೊತ್ತನ್ನು ಕಡಿಮೆ ಮಾಡಿ ಒಂದೇ ಪ್ರಶ್ನೆ ಕೇಳುವುದೆಂದು ನಿಶ್ಚಯವಾಯಿತು: ಕಳೆದ ಒಂದು ವರ್ಷದಲ್ಲಿ ಈ ಸಭೆಯ ಯಾರಿಂದ ನಿಮಗೆ ಉಪಕಾರವಾಯಿತು, ಅವರು ಏನು ಮಾಡಿದರು?

ಯಾರು ಜಾಣರು, ಯಾರು ಯೋಗ್ಯರು ಎಂದು ಕೇಳಬಾರದೆಂದು ನಾನು ಒತ್ತಿ ಹೇಳಿದ್ದೆ. ಹಾಗೆ ಕೇಳಿದರೆ ಚುನಾವಣೆಯ ಹೆಸರುಗಳು ಬರುತ್ತವೆ. ಉಪಕಾರವನ್ನು ಕೇಳಿದರೆ ಘಟನೆಗಳು ಬರುತ್ತವೆ.

ಮೊದಲ ಮನೆಯಲ್ಲಿ ಎಲ್ಲರೂ ನೆಲ ನೋಡುತ್ತ ಕುಳಿತರು. ಆಮೇಲೆ ಒಬ್ಬ ತಾಯಿ ಬಾಯಿ ತೆರೆದರು. ಗಂಡ ತೀರಿಕೊಂಡಾಗ ಮೊದಲ ಎರಡು ದಿನ ಮನೆ ತುಂಬ ಜನ. ಮೂರನೆಯ ದಿನ ಎಲ್ಲರೂ ಹೋದರು. ಆ ದಿನ ಬಟ್ಟೆ ಹೊಲಿಯುವ ಒಬ್ಬ ಹೆಂಗಸು ಬಂದು, ಏನೂ ಮಾತನಾಡದೆ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಮಕ್ಕಳಿಗೆ ತಲೆ ಬಾಚಿ ಹೋದಳು. ಒಂದು ತಿಂಗಳು ಹೀಗೆ ಬಂದಳು. ಇದನ್ನು ಕೇಳಿದ ಮೇಲೆ ಇನ್ನೊಬ್ಬರು, ನಮ್ಮ ಮನೆಗೂ ಅವಳೇ ಬಂದಿದ್ದಳು ಎಂದರು. ಮೂರನೆಯವರೂ ಅದನ್ನೇ ಹೇಳಿದರು. ಆ ಹೆಂಗಸು ಹಿಂದಿನ ಬೆಂಚಿನವಳು. ಕಮಿಟಿಯ ಯಾವ ಪಟ್ಟಿಯಲ್ಲಿಯೂ ಅವಳ ಹೆಸರು ಬಂದದ್ದಿಲ್ಲ.

ಮನೆಯಿಂದ ಮನೆಗೆ ಹೋದಂತೆ ಉದ್ದನೆಯ ಲೆಕ್ಕದ ಪುಸ್ತಕವೊಂದು ತುಂಬುತ್ತ ಬಂತು. ಮುದುಕರನ್ನು ಪ್ರತಿ ಭಾನುವಾರ ದೇವಾಲಯಕ್ಕೆ ಕರೆತಂದು ಬಾಡಿಗೆ ತೆಗೆದುಕೊಳ್ಳದ ಆಟೋ ಚಾಲಕ. ಕಿವಿ ಕೇಳದ ಹುಡುಗನ ಪಕ್ಕದಲ್ಲಿ ಕುಳಿತು ಪ್ರಸಂಗವನ್ನು ಚೀಟಿಯಲ್ಲಿ ಬರೆದು ತೋರಿಸುವ ಕಾಲೇಜು ಹುಡುಗಿ. ಮುರಿಯಲಿದ್ದ ಮದುವೆಯೊಂದನ್ನು ಎರಡೂ ಕಡೆಯ ಮಾತು ಕೇಳಿಸಿಕೊಂಡೇ ಉಳಿಸಿದ ಗಾರೆ ಕೆಲಸದ ಮೇಸ್ತ್ರಿ. ತನ್ನ ಕೈಯಲ್ಲಿದ್ದ ಸಾಲದ ಚೀಟಿಯನ್ನು ಹರಿದು ಹಾಕಿದ ಕಿರಾಣಿ ಅಂಗಡಿಯವನು, ಅದನ್ನು ಯಾರಿಗೂ ಹೇಳಬೇಡ ಎಂದಿದ್ದನಂತೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಪಟ್ಟಿಯಲ್ಲಿರುವ ದಾನ, ಕರುಣೆ, ಸೇವೆ, ಬುದ್ಧಿವಾದ ಎಲ್ಲವೂ ಆ ಪುಸ್ತಕದಲ್ಲಿ ಮನುಷ್ಯರ ರೂಪದಲ್ಲಿ ಸಿಕ್ಕವು.

ಕಾರ್ಯದರ್ಶಿಯ ಪ್ರಶ್ನೆ

ಅರ್ಧ ಸಭೆಯನ್ನು ಸುತ್ತಿದ ಮೇಲೆ ಒಂದು ಇಕ್ಕಟ್ಟು ಎದುರಾಯಿತು. ಸಭೆಯ ಕಾರ್ಯದರ್ಶಿಯ ಹೆಸರು ಒಂದು ಮನೆಯಲ್ಲಿಯೂ ಬಂದಿರಲಿಲ್ಲ. ಅವರು ಮೂರು ಹೊಣೆಗಳನ್ನು ಹೊತ್ತವರು: ಕಾರ್ಯದರ್ಶಿ, ಕಟ್ಟಡ ನಿಧಿಯ ಖಜಾಂಚಿ, ಗಾಯನ ವೃಂದದ ನಾಯಕ. ಯುವಕರಲ್ಲಿ ಕೆಲವರಿಗೆ ಇದು ಒಳಗೊಳಗೇ ಸಂತೋಷ ಕೊಟ್ಟಿತು. ಹುದ್ದೆ ಹಿಡಿದವರಲ್ಲಿ ವರವಿಲ್ಲ ಎಂದು ಸಾಬೀತಾಯಿತಲ್ಲ ಎಂಬ ಮಾತು ಓಡಾಡಿತು. ಆ ಪುಸ್ತಕವನ್ನು ಕಮಿಟಿಯ ಮುಂದೆ ಓದಬೇಕೆಂಬ ಒತ್ತಾಯವೂ ಬಂತು.

ಸಭಾಪಾಲಕರು ಓದಲಿಲ್ಲ. ಯಾರ ಹೆಸರು ಎಷ್ಟು ಸಲ ಬಂದಿದೆ ಎಂಬ ಎಣಿಕೆಯನ್ನು ಮಾಡಲೂ ಬಿಡಲಿಲ್ಲ. ಎಣಿಸಿದ ಕ್ಷಣವೇ ಅದು ಸ್ಪರ್ಧೆಯಾಗುತ್ತದೆ ಎಂದು ಅವರು ತಿಳಿದಿದ್ದರು. ಇಡೀ ಪ್ರಕರಣದಲ್ಲಿ ನಾನು ಅತ್ಯಂತ ಗೌರವಿಸುವ ತೀರ್ಮಾನ ಇದು. ಅದರ ಬದಲು ಅವರು ಪ್ರಶ್ನೆಯನ್ನೇ ಪರೀಕ್ಷಿಸಿದರು. ಉಪಕಾರ ಯಾರಿಂದಾಯಿತು ಎಂದು ಕೇಳಿದರೆ ಮುಖಾಮುಖಿ ಬಂದ ಸಹಾಯ ಮಾತ್ರ ನೆನಪಾಗುತ್ತದೆ. ಇಡೀ ಸಭೆಗೆ ಸಮನಾಗಿ ಹಂಚಿಹೋಗುವ ಉಪಕಾರ ಯಾರಿಗೂ ಪ್ರತ್ಯೇಕವಾಗಿ ಕಾಣುವುದಿಲ್ಲ. ಆದ್ದರಿಂದ ಉಳಿದ ಮನೆಗಳಲ್ಲಿ ಎರಡನೆಯ ಪ್ರಶ್ನೆಯನ್ನೂ ಸೇರಿಸಿದರು: ಯಾರು ಒಂದು ತಿಂಗಳು ಬಾರದಿದ್ದರೆ ಸಭೆಯ ಯಾವ ಕೆಲಸ ನಿಂತುಹೋಗುತ್ತದೆ?

ಆಗ ಕಾರ್ಯದರ್ಶಿಯ ಹೆಸರು ಮನೆಮನೆಯಲ್ಲಿಯೂ ಬಂತು. ದೇವಾಲಯದ ವಿದ್ಯುತ್ ಬಿಲ್ಲು, ಮದುವೆಯ ನೋಂದಣಿ ಪುಸ್ತಕ, ಸ್ಮಶಾನದ ಜಾಗದ ಪಹಣಿ, ಡಯಾಸಿಸ್ (ಬಿಷಪ್ಪರ ಆಡಳಿತ ವಲಯ) ಕಚೇರಿಗೆ ಹೋಗಬೇಕಾದ ವರದಿ, ಎಲ್ಲವೂ ಅವರ ಕೈಯಿಂದ. ಅದೇ ಹೊತ್ತಿಗೆ ಗಾಯನ ವೃಂದದ ಮಾತು ಯಾರ ಬಾಯಲ್ಲಿಯೂ ಬರಲಿಲ್ಲ ಎಂಬುದನ್ನು ಸಭಾಪಾಲಕರು ಅವರೊಬ್ಬರಿಗೇ, ಅವರ ಮನೆಯಲ್ಲಿ ಕುಳಿತು, ಹೇಳಿದರು. ಅವರು ನಿರಾಳವಾಗಿ ಉಸಿರು ಬಿಟ್ಟು, ಹಿಂದಿನ ನಾಯಕರು ತೀರಿಕೊಂಡಾಗ ಯಾರೂ ಇಲ್ಲವೆಂದು ಅದನ್ನು ಹಿಡಿದೆ, ಬಿಡಲು ಯಾರೂ ಹೇಳಲಿಲ್ಲ ಎಂದರು. ಮುಂದಿನ ತಿಂಗಳೇ ಅದನ್ನು ಬಿಟ್ಟುಕೊಟ್ಟರು.

ಮೂರು ತಿಂಗಳ ಗಡುವು

'ಬಿಡಲು ಯಾರೂ ಹೇಳಲಿಲ್ಲ' ಎಂಬ ಆ ಮಾತಿನಲ್ಲಿ ಸಮಸ್ಯೆಯ ಇನ್ನೊಂದು ಬೇರು ಸಿಕ್ಕಿತು. ಆ ಸಭೆಯಲ್ಲಿ ಒಂದು ಸೇವೆಗೆ ಒಪ್ಪಿದರೆ ಸಾಯುವವರೆಗೆ ಒಪ್ಪಿದಂತೆ. ಮಂಡಿ ಸವೆಯುವವರೆಗೂ ಸಂಡೇ ಸ್ಕೂಲು ನಡೆಸಿದ ಶಿಕ್ಷಕಿಯನ್ನು ಎಲ್ಲರೂ ನೋಡಿದ್ದರು. ಪ್ರಕಟಣೆಗೆ ಯಾರೂ ಏಕೆ ಎದ್ದು ನಿಲ್ಲಲಿಲ್ಲ ಎಂಬುದಕ್ಕೆ ಭಕ್ತಿಯ ಕೊರತೆಯನ್ನು ಹುಡುಕಬೇಕಾಗಿಯೇ ಇರಲಿಲ್ಲ.

ಆದ್ದರಿಂದ ಹೊಸದಾಗಿ ಕರೆಯುವ ಯಾರಿಗೇ ಆಗಲಿ ಮೂರು ತಿಂಗಳ ಗಡುವು ಇಟ್ಟರು. ಒಂಟಿಯಾಗಿ ಕಳಿಸದೆ ಅನುಭವಿಯೊಬ್ಬರನ್ನು ಜೊತೆಗೆ ಕೊಟ್ಟರು. ಗಡುವು ಮುಗಿದಾಗ ಸಭಾಪಾಲಕರು ಅವರೊಡನೆ ಕುಳಿತು, ಈ ಕೆಲಸದಲ್ಲಿ ಸಂತೋಷ ಸಿಕ್ಕಿತೇ, ಯಾರಿಗಾದರೂ ಪ್ರಯೋಜನವಾದದ್ದು ಕಂಡಿತೇ ಎಂದು ಕೇಳುತ್ತಿದ್ದರು. ಪ್ರಯೋಜನ ಪಡೆದವರನ್ನೂ ಬೇರೆಯಾಗಿ ಕೇಳುತ್ತಿದ್ದರು. ನಿಲ್ಲಿಸುತ್ತೇನೆ ಎಂದವರಿಗೂ ಮುಂದುವರಿಯುತ್ತೇನೆ ಎಂದವರಿಗೂ ಆರಾಧನೆಯಲ್ಲಿ ಒಂದೇ ರೀತಿಯ ಕೃತಜ್ಞತೆ, ಒಂದೇ ಪ್ರಾರ್ಥನೆ. ನಿಲ್ಲಿಸುವುದು ಅವಮಾನವಲ್ಲ ಎಂಬುದು ಕಣ್ಣಿಗೆ ಕಾಣಬೇಕಿತ್ತು, ಕಂಡಿತು. ಮೊದಲ ಗುಂಪಿನಲ್ಲಿ ಕೆಲವರು ನಿಲ್ಲಿಸಿ ಬೇರೆ ಸೇವೆಗೆ ಹೋದರು.

ನಿವೃತ್ತ ಬ್ಯಾಂಕ್ ಅಧಿಕಾರಿಯನ್ನು ಸಭಾಪಾಲಕರು ಮತ್ತೆ ಕಂಡು, ತಿಂಗಳಿಗೆ ಎರಡು ಶನಿವಾರ ದೇವಾಲಯದ ವೆರಾಂಡದಲ್ಲಿ ಮೇಜು ಹಾಕಿ ಕೂರುತ್ತೀರಾ ಎಂದು ಕೇಳಿದರು. ಪಿಂಚಣಿ, ವಿದ್ಯಾರ್ಥಿವೇತನ, ಪಡಿತರ ಚೀಟಿ, ಹೆಸರು ತಿದ್ದುಪಡಿ, ಏನಿದ್ದರೂ. ಅವರು ಬಂದರು. ಊರಿನ ಇತರ ಧರ್ಮದವರೂ ಆ ಮೇಜಿಗೆ ಬರತೊಡಗಿದರು. ಆ ಅಧಿಕಾರಿ ಭಾನುವಾರದ ಆರಾಧನೆಗೂ ಮರಳಿದರು, ಅದಕ್ಕೆ ಯಾರೂ ಒತ್ತಾಯಿಸಲಿಲ್ಲ.

ಸಂಡೇ ಸ್ಕೂಲಿಗೆ ಯಾರು?

ಇಲ್ಲಿಯೇ ದೊಡ್ಡ ಜಗ್ಗಾಟ ನಡೆದದ್ದು. ಮನೆ ಪ್ರಾರ್ಥನೆಗಳಲ್ಲಿ ಮಕ್ಕಳ ವಿಷಯ ಬಂದಾಗಲೆಲ್ಲ ತಾಯಂದಿರು ಒಬ್ಬ ಅಂಗನವಾಡಿ ಕಾರ್ಯಕರ್ತೆಯ ಹೆಸರು ಹೇಳುತ್ತಿದ್ದರು. ಅವರು ಹೊಸ ಕುಟುಂಬದವರು, ಸಭೆ ಸೇರಿ ಮೂರು ವರ್ಷವೂ ಆಗಿರಲಿಲ್ಲ. ಕಮಿಟಿಯಲ್ಲಿ ಆಕ್ಷೇಪ ಬಂತು. ಅವರಿಗೆ ನಮ್ಮ ಸಂಗೀತ (ಆರಾಧನೆಯ ಹಾಡುಗಳು) ಗೊತ್ತಿಲ್ಲ, ಪದ್ಧತಿ ಗೊತ್ತಿಲ್ಲ, ಮಾತು ಹಳ್ಳಿಯ ಮಾತು ಎಂದರು. ಬಾಯಿಗೆ ಬಾರದ ಆಕ್ಷೇಪವೂ ಒಂದಿತ್ತು. ಅದು ಹುಟ್ಟಿನದು. ಸಭೆಗೆ ಬಂದ ಮೇಲೂ ನಮ್ಮ ಜನ ಅದನ್ನು ಹೊರಗೆ ಬಿಟ್ಟು ಬಂದಿಲ್ಲ ಎಂಬುದನ್ನು ನೋವಿನಿಂದಲೇ ಬರೆಯುತ್ತೇನೆ.

ಸಭಾಪಾಲಕರು ವಾದಕ್ಕಿಳಿಯದೆ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯವನ್ನು ಓದಿಸಿದರು. ಯೆರೂಸಲೇಮಿನ ಮೊದಲ ಸಭೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರಿಗೆ ದಿನದ ಊಟದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಬಂದಾಗ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು; ಕೊನೆಯವನಾದ ನಿಕೊಲಾಯ ಅಂತಿಯೋಕ್ಯದಿಂದ ಬಂದವನು, ಹುಟ್ಟಿನಿಂದ ಯೆಹೂದ್ಯನೇ ಅಲ್ಲ. ಯಾರ ಕಡೆಯಿಂದ ದೂರು ಬಂದಿತ್ತೋ ಅವರ ಕೈಗೇ ಆ ಸಭೆ ಹಂಚಿಕೆಯ ಹೊಣೆಯನ್ನು ಕೊಟ್ಟಿತು. ಇಷ್ಟು ಹೇಳಿ ಅವರು ಸುಮ್ಮನಾದರು. ಆಗ ಮಾತನಾಡಿದ್ದು ಹಾಸಿಗೆಯಲ್ಲಿದ್ದ ನಿವೃತ್ತ ಶಿಕ್ಷಕಿಯ ಮಗ. ತಾಯಿ ಚೀಟಿ ಕಳಿಸಿದ್ದರು: ಅವಳು ನನ್ನ ಮನೆಗೆ ಬರಲಿ, ಹಾಡುಗಳನ್ನು ನಾನು ಕಲಿಸುತ್ತೇನೆ.

ಅವರು ಹೋದರು. ಶನಿವಾರ ಸಂಜೆ ಹಾಸಿಗೆಯ ಪಕ್ಕದಲ್ಲಿ ಕುಳಿತು, ಜರ್ಮನ್ ರಾಗದ ಹಳೆಯ ಸಂಗೀತಗಳನ್ನು ಕಲಿತರು. ಭಾನುವಾರ ಅವನ್ನು ಮಕ್ಕಳಿಗೆ ಚಪ್ಪಾಳೆಯ ತಾಳದಲ್ಲಿ ಕಲಿಸಿದರು. ಒಂದು ಭಾನುವಾರ ನಾನು ಹಿಂದೆ ನಿಂತು ನೋಡಿದೆ. ಯೇಸು ಐದು ರೊಟ್ಟಿ, ಎರಡು ಮೀನಿನಿಂದ ಸಾವಿರಾರು ಜನರಿಗೆ ಉಣಿಸಿದ ಕಥೆ. ತಮ್ಮ ಬುತ್ತಿಯಿಂದ ಐದು ಜೋಳದ ರೊಟ್ಟಿ ತೆಗೆದು ಮೇಜಿನ ಮೇಲಿಟ್ಟು, ಈ ಐದನ್ನು ನಾವು ಎಷ್ಟು ಜನ ಹೇಗೆ ಹಂಚಿಕೊಳ್ಳೋಣ ಎಂದು ಕೇಳಿದರು. ಮಕ್ಕಳು ತಾವೇ ಎದ್ದು ಬಂದು ಮುರಿಯತೊಡಗಿದರು, ಸಾಲದು ಎಂದರು, ಸಣ್ಣದಾಗಿ ಮುರಿದರು, ಅತ್ಯಂತ ಚಿಕ್ಕವಳಿಗೆ ಮೊದಲು ಕೊಡಬೇಕೆಂದು ತಾವೇ ತೀರ್ಮಾನಿಸಿದರು. ಅಷ್ಟಾದ ಮೇಲೆ ಅವರು ಕಥೆ ಆರಂಭಿಸಿದರು. ಆಕ್ಷೇಪಿಸಿದ್ದ ಹಿರಿಯರೊಬ್ಬರ ಮೊಮ್ಮಗನೂ ಆ ತರಗತಿಯಲ್ಲಿದ್ದ. ಆಕ್ಷೇಪ ಮತ್ತೆ ಬರಲಿಲ್ಲ.

ಹೊಲಿಗೆಯ ಹೆಂಗಸು ಏಕೆ ಹಿಂದೆ ಸರಿದಳು

ಎಲ್ಲವೂ ಹೀಗೆ ಕೂಡಿಬರಲಿಲ್ಲ. ಸಾವಿನ ಮನೆಗೆ ಮೂರನೆಯ ದಿನ ಹೋಗುತ್ತಿದ್ದ ಹೆಂಗಸಿನ ವಿಷಯ ತಿಳಿದ ಮೇಲೆ ಕಮಿಟಿಗೆ ಉತ್ಸಾಹ ಬಂತು. ಸಾಂತ್ವನ ಸಮಿತಿ ಎಂಬ ಹೊಸ ಸಮಿತಿ ಮಾಡಿ ಅವರನ್ನು ಸಂಚಾಲಕಿಯನ್ನಾಗಿ ಮಾಡಿದರು. ತಿಂಗಳಿಗೊಂದು ಸಭೆ, ನಡಾವಳಿ ಪುಸ್ತಕ, ಭೇಟಿ ಕೊಟ್ಟ ಮನೆಗಳ ಪಟ್ಟಿ. ಸಾವಿನ ಸುದ್ದಿ ಬಂದ ಕೂಡಲೇ ಯಾರಾದರೊಬ್ಬರು ಫೋನು ಮಾಡಿ, ನೀವು ಇನ್ನೂ ಹೋಗಿಲ್ಲವೇ ಎಂದು ಕೇಳತೊಡಗಿದರು. ಕೆಲವು ತಿಂಗಳಲ್ಲಿ ಅವರು ಎಲ್ಲಿಗೂ ಹೋಗುವುದನ್ನು ನಿಲ್ಲಿಸಿದರು. ಸಭಾಪಾಲಕರ ಹೆಂಡತಿ ಹೋಗಿ ಮಾತನಾಡಿಸಿದಾಗ ಅವರು ಹೇಳಿದ್ದಿಷ್ಟು: 'ಮೊದಲು ನಾನು ಹೋಗುತ್ತಿದ್ದೆ. ಈಗ ನನ್ನನ್ನು ಕಳಿಸುತ್ತಾರೆ.'

ಸಮಿತಿಯನ್ನು ವಿಸರ್ಜಿಸಿದರು. ಒಳ್ಳೆಯ ಉದ್ದೇಶದಿಂದ ಕಟ್ಟಿದ್ದನ್ನು ಕೆಡವಲು ಧೈರ್ಯ ಬೇಕು. ಆ ಕಮಿಟಿ ಅದನ್ನು ತೋರಿಸಿತು. ನಂತರ ಸ್ತ್ರೀಯರ ಕೂಟದಿಂದ ಮಾಡಿದ್ದು ಎರಡೇ ಕೆಲಸ. ಬಸ್ಸು, ಆಟೋ, ದಿನಸಿಯ ಖರ್ಚಿಗೆ ಸಣ್ಣ ಮೊತ್ತವನ್ನು ಲೆಕ್ಕ ಕೇಳದೆ ಅವರ ಕೈಯಲ್ಲಿಟ್ಟರು. ಜೊತೆಗೆ ಹೋಗಿ ನೋಡಿ ಕಲಿಯಲು ಇಬ್ಬರು ಎಳೆಯ ಹೆಂಗಸರನ್ನು, ಅವರೇ ಆರಿಸಿಕೊಂಡವರನ್ನು, ಕಳಿಸಿದರು. ನಿಧಾನವಾಗಿ ಅವರು ಮತ್ತೆ ಹೋಗತೊಡಗಿದರು.

ಕಂಡುಕೊಂಡದ್ದು

ವರವನ್ನು ಗುರುತಿಸುವುದಕ್ಕೆ ಅದರಿಂದ ಉಪಕಾರ ಪಡೆದವರ ಸಾಕ್ಷಿ ಮೊದಲು ಬೇಕು, ಸ್ವಂತ ಅಂದಾಜು ಆಮೇಲೆ. ಈ ಪ್ರಕರಣದಿಂದ ನನಗೆ ಗಟ್ಟಿಯಾದ ಮಾತು ಇದು. ಕೊರಿಂಥದವರಿಗೆ ಬರೆದ ಪತ್ರಿಕೆಯಲ್ಲಿ ವರವನ್ನು ಕೊಡುವುದು ಎಲ್ಲರ ಪ್ರಯೋಜನಕ್ಕಾಗಿ ಎಂದಿರುವಾಗ, ಪ್ರಯೋಜನ ಪಡೆದವರನ್ನು ಕೇಳದೆ ಅದನ್ನು ಅಳೆಯುವುದು ಹೇಗೆ? ಪ್ರಶ್ನಾವಳಿಗಳನ್ನು ನಾನು ತಳ್ಳಿಹಾಕುವುದಿಲ್ಲ. ಈ ಸಭೆ ಅದನ್ನು ಈಗಲೂ ದೃಢೀಕರಣದ ತರಗತಿಯಲ್ಲಿ, ಅಂದರೆ ಮಕ್ಕಳನ್ನು ಸಭೆಯ ಪೂರ್ಣ ಸದಸ್ಯತ್ವಕ್ಕೆ ಸಿದ್ಧಗೊಳಿಸುವ ತರಗತಿಯಲ್ಲಿ, ಬಳಸುತ್ತದೆ. ವರಗಳು ಇಷ್ಟು ಬಗೆಯವು ಎಂದು ಮಕ್ಕಳಿಗೆ ತಿಳಿಯಲು ಅದು ಸಾಕು. ಅಂಕಗಳನ್ನು ಕೂಡಿಸುವುದಿಲ್ಲ.

ಇದೇ ಕ್ರಮವನ್ನು ಬೇರೆ ಸಭೆಗಳಿಗೆ ಒಯ್ಯುವವರು ಎರಡನೆಯ ಪ್ರಶ್ನೆಯನ್ನು ಮರೆಯಬಾರದು. ಮೊದಲನೆಯದನ್ನು ಮಾತ್ರ ಕೇಳಿದರೆ ಮೌನವಾಗಿ ಭಾರ ಹೊತ್ತ ಹಿರಿಯರಿಗೆ ಅನ್ಯಾಯವಾಗುತ್ತದೆ. ಕೆಲಸಕ್ಕೂ ವರಕ್ಕೂ ನಡುವೆ ಗೋಡೆ ಕಟ್ಟುವುದೂ ಬೇಡ. ವಿಮೋಚನಕಾಂಡದ 31ನೆಯ ಅಧ್ಯಾಯದಲ್ಲಿ ದೇವರ ಆತ್ಮನಿಂದ ತುಂಬಿದವನು ಎಂದು ಹೇಳಿರುವುದು ಬೆಚಲೇಲನನ್ನು. ಅವನು ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರದಲ್ಲಿ ಕೆಲಸ ಮಾಡಿದ ಕುಶಲಿ. ಈ ಮಾತನ್ನು ಮನೆ ಪ್ರಾರ್ಥನೆಯಲ್ಲಿ ಓದಿದಾಗ, ಮದುವೆ ಉಳಿಸಿದ ಆ ಮೇಸ್ತ್ರಿ ವಚನವನ್ನು ಇನ್ನೊಮ್ಮೆ ಓದಿ ಎಂದು ಕೇಳಿದ. ದೇವಾಲಯದ ಬಿರುಕು ಬಿಟ್ಟ ಗೋಡೆಯನ್ನು ಆ ಬೇಸಿಗೆಯಲ್ಲಿ ಅವನೇ ಸರಿಪಡಿಸಿದ.

ಉಳಿದ ಪ್ರಶ್ನೆಗಳೂ ಇವೆ. ಪ್ರವಾದನೆಯ ವರ, ಅಂದರೆ ದೇವರಿಂದ ಬಂದ ಮಾತನ್ನು ನುಡಿಯುವ ವರ, ತನಗಿದೆ ಎಂದು ಹೇಳಿಕೊಂಡ ಯುವಕನೊಬ್ಬನನ್ನು ಸಭೆ ಹೇಗೆ ನಡೆಸಿಕೊಳ್ಳಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ. ಪ್ರವಾದನೆಯನ್ನು ಉಳಿದವರು ವಿವೇಚಿಸಬೇಕೆಂದು ಪೌಲನೇ ಬರೆದಿದ್ದಾನೆ, ಆದರೆ ವಿವೇಚಿಸುವ ಅಭ್ಯಾಸ ನಮ್ಮ ಹಳೆಯ ಸಭೆಗಳಿಗೆ ಇಲ್ಲ. ಮೂವತ್ತರಿಂದ ನಲವತ್ತೈದರೊಳಗಿನ ಗಂಡಸರು ಹೆಚ್ಚಾಗಿ ಕಾರ್ಖಾನೆಯ ಪಾಳಿ, ಬಸ್ಸಿನ ಪಾಳಿಯಲ್ಲಿರುವವರು. ಭಾನುವಾರ ಅವರಿಗೆ ರಜೆಯೇ ಇರುವುದಿಲ್ಲ. ಮನೆ ಪ್ರಾರ್ಥನೆಯಲ್ಲಿಯೂ ಅವರು ಇರುತ್ತಿರಲಿಲ್ಲವಾದ್ದರಿಂದ ಅವರು ಯಾರ ಬಗ್ಗೆಯೂ ಸಾಕ್ಷಿ ಹೇಳಲಿಲ್ಲ, ಅವರ ಬಗ್ಗೆ ಹೇಳಿದವರೂ ಕಡಿಮೆ. ಸಭಾಪಾಲಕರಿಗೆ ಈಗ ವರ್ಗಾವಣೆಯ ಆದೇಶ ಬಂದಿದೆ. ಲೆಕ್ಕದ ಪುಸ್ತಕವನ್ನು ಅವರು ಕಾರ್ಯದರ್ಶಿಗೆ ಒಪ್ಪಿಸಿ, ಮುಂದೆ ಬರುವವರನ್ನು ಮೊದಲ ತಿಂಗಳಲ್ಲಿಯೇ ಮನೆಮನೆಗೆ ಕರೆದುಕೊಂಡು ಹೋಗುವಂತೆ ಕೇಳಿಕೊಂಡಿದ್ದಾರೆ. ಪಾಳಿಯವರ ಮನೆಗಳಿಗೆ ರಾತ್ರಿ ಹತ್ತರ ನಂತರ ಹೋಗಬೇಕಾಗುತ್ತದೆ ಎಂದು ಕಾರ್ಯದರ್ಶಿ ಆ ಮನೆಗಳ ಪಟ್ಟಿಯನ್ನು ಬೇರೆಯಾಗಿ ಬರೆದಿಟ್ಟಿದ್ದಾರೆ.